ಮಿಡತೆಗೆ ಹೆಸರಿಡುವ ಮುಂಚೆ ಅದರ ಬಾಲ ನೋಡಬೇಕು

1883ರ ಮಾತು. ವಿಯೆನ್ನಾದಲ್ಲಿದ್ದ ಬ್ರುನ್ನರ್ ಫಾನ್ ವಾಟೆನ್‌ವಿಲ್ ಎಂಬುವರು ಸುಡಾನಿನಿಂದ ಬಂದ ಒಂದು ಪುಟಾಣಿ ಹುಳವನ್ನು ಪರೀಕ್ಷಿಸುತ್ತಿದ್ದರು. ಆಸ್ಟ್ರಿಯಾದ ಟೆಲಿಗ್ರಾಫ್ ಇಲಾಖೆ ನಡೆಸಿದ ಮನುಷ್ಯ ಅವರು. ಆದರೆ ಮಿಡತೆಗಳ ವಿಷಯಕ್ಕೆ ಬಂದರೆ ಆ ಕಾಲಕ್ಕೆ ಅವರನ್ನು ಮೀರಿಸಿದವರು ಕಡಿಮೆ. ಹುಳ ನೋಡಿದರೆ ಥೇಟ್ ಇರುವೆ. ಕಪ್ಪು ಮೈ, ಸಣ್ಣ ಸೊಂಟ. ಆ ಸೊಂಟದ್ದೇ ಚಮತ್ಕಾರ. ನಿಜವಾಗಿ ಅಲ್ಲಿ ಸೊಂಟವೇ ಇಲ್ಲ, ಹೊಟ್ಟೆ ದಪ್ಪಗೇ ಇದೆ. ಹೊಟ್ಟೆ ಶುರುವಾಗುವ ಕಡೆ ಎರಡೂ ಪಕ್ಕಕ್ಕೆ ಬಿಳಿ ಬಣ್ಣ ಬಳಿದಂತಿದೆ. ಬಿಳಿ ಭಾಗ ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ. ನಡುವೆ ಉಳಿದ ಕಪ್ಪು ಎಳೆ ಮಾತ್ರ ಕಣ್ಣಿಗೆ ಬಿದ್ದು ಇರುವೆಯ ಸೊಂಟದ ಹಾಗೆ ಕಾಣುತ್ತದೆ.

ಬ್ರುನ್ನರ್ ಇದಕ್ಕೆ ಮರುಳಾಗಲಿಲ್ಲ. ಇದು ಇರುವೆಯಲ್ಲ, ಮಿಡತೆ ಬಳಗದ್ದು ಎಂದು ಹಿಡಿದರು. ಹೊಸ ಕುಲವನ್ನೇ (ಹತ್ತಿರದ ಪ್ರಭೇದಗಳ ಗುಂಪು) ಮಾಡಿ ಮಿರ್ಮೆಕೊಫಾನಾ ಫ್ಯಾಲಾಕ್ಸ್ ಎಂದು ಹೆಸರಿಟ್ಟರು. ಮೊದಲ ಪದಕ್ಕೆ ಇರುವೆಯಂತೆ ತೋರುವುದು ಎಂದರ್ಥ, ಎರಡನೆಯದಕ್ಕೆ ಮೋಸಗಾರ ಎಂದು.

ಮೋಸ ಅಲ್ಲಿಗೆ ಮುಗಿದಿರಲಿಲ್ಲ. ಸುಮಾರು ಇಪ್ಪತ್ತೈದು ವರ್ಷ ಕಳೆದ ಮೇಲೆ ಯೂಲಿಯುಸ್ ಫೋಸೆಲರ್ ಎಂಬ ಪ್ರಾಣಿಶಾಸ್ತ್ರಜ್ಞರು ಇಂಥ 'ಇರುವೆ'ಗಳನ್ನು ಸಾಕಿ ನೋಡಿದರು. ಅವರಿದ್ದದ್ದು ಆಗಿನ ಜರ್ಮನ್ ಪೂರ್ವ ಆಫ್ರಿಕಾದ, ಈಗಿನ ಟಾಂಜಾನಿಯಾದ, ಅಮಾನಿ ಎಂಬ ಬೆಟ್ಟದೂರಿನ ಸಂಶೋಧನಾ ಕೇಂದ್ರದಲ್ಲಿ. ಹುಳಗಳು ಪೊರೆ ಕಳಚುತ್ತಾ ಹೋದವು. ಕಪ್ಪು ಹೋಗಿ ಹಸಿರಾದವು. ಕೊನೆಗೆ ಅಗಲ ರೆಕ್ಕೆ ಮೂಡಿ ಎಲೆಯಂತಾಗಿ ಕುಳಿತವು. ನೋಡಿದರೆ ಅದು ಯೂರಿಕೊರಿಫಾ! ಸ್ವೀಡನ್ನಿನ ಸ್ಟೋಲ್ ಎಂಬುವರು 1873ರಲ್ಲೇ ಹೆಸರಿಟ್ಟಿದ್ದ ಕುಲ. ಅಂದರೆ ಬ್ರುನ್ನರ್ ಹೆಸರಿಟ್ಟದ್ದು ಒಂದು ಮರಿಗೆ. ಅದರ ಅಪ್ಪ ಅಮ್ಮನ ಕುಲಕ್ಕೆ ಹತ್ತು ವರ್ಷ ಮೊದಲೇ ನಾಮಕರಣ ಆಗಿಹೋಗಿತ್ತು. 1878ರಲ್ಲಿ ಈ ಗುಂಪಿನ ಮಿಡತೆಗಳ ಬಗ್ಗೆ ದೊಡ್ಡ ಗ್ರಂಥ ಬರೆದವರೂ ಬ್ರುನ್ನರ್ ಅವರೇ, ಗೊತ್ತಾ?

ನಾನು ಇದನ್ನು ಅವರ ಕಾಲೆಳೆಯಲು ಹೇಳುತ್ತಿಲ್ಲ. 'ಹೊಸ ಪ್ರಭೇದ ಪತ್ತೆ' ಎಂದು ಪತ್ರಿಕೆಯಲ್ಲಿ ಓದಿದಾಗ ಯಾರೋ ಕಾಡಿಗೆ ಹೋಗಿ ಯಾರೂ ನೋಡದ ಹುಳ ಹಿಡಿದು ತಂದರು ಅಂದುಕೊಳ್ಳುತ್ತೇವೆ, ಅಲ್ವಾ? ಹಿಡಿಯುವುದು ಅಷ್ಟೇನೂ ಕಷ್ಟವಲ್ಲ. ಈಗಾಗಲೇ ಹೆಸರಿರುವ ಯಾವುದೂ ಇದಲ್ಲ ಎಂದು ತೋರಿಸುವುದೇ ಕಷ್ಟ.

ಇದು ಯಾವ ಹುಳ?

ಇಂಗ್ಲಿಷಿನವರು ಬುಷ್ ಕ್ರಿಕೆಟ್ ಅನ್ನುತ್ತಾರೆ, ಅಮೆರಿಕದವರು ಕೇಟಿಡಿಡ್ ಅನ್ನುತ್ತಾರೆ. ನಾವು ಮಿಡತೆ ಎಂದು ಒಂದೇ ಮಾತಲ್ಲಿ ಮುಗಿಸುತ್ತೇವೆ. ಮಳೆಗಾಲದ ರಾತ್ರಿ ಟ್ಯೂಬ್‌ಲೈಟ್ ಪಕ್ಕ ಗೋಡೆಗೆ ಬಂದು ಕೂರುವ ಹಸಿರು ಹುಳ ನೆನಪಿಸಿಕೊಳ್ಳಿ. ಎಲೆಯ ಹಾಗೆ ನರನರವಾದ ರೆಕ್ಕೆ, ಮೈಗಿಂತ ಉದ್ದವಾದ ದಾರದಂಥ ಮೀಸೆ. ಆ ಮೀಸೆಯಿಂದಲೇ ಇಲ್ಲಿ ಇದನ್ನು ಮೀಸೆಮಿಡತೆ ಎಂದು ಕರೆಯುತ್ತೇನೆ. ಗದ್ದೆಯಲ್ಲಿ ಹಗಲು ಹೊತ್ತು ಹಾರುವ ಮಾಮೂಲಿ ಮಿಡತೆಗೆ ಮೀಸೆ ಗಿಡ್ಡ. ಅದು ಬೇರೆ ಶಾಖೆ. ಮೀಸೆಮಿಡತೆ ಸಂಬಂಧದಲ್ಲಿ ರಾತ್ರಿ ಕಿರ್ರೆನ್ನುವ ಜೀರುಂಡೆಗೇ (ಇಂಗ್ಲಿಷಿನ ಕ್ರಿಕೆಟ್) ಹತ್ತಿರ.

ಜೀರುಂಡೆಯಿಂದ ಬೇರೆ ಮಾಡುವುದೂ ಸುಲಭ. ಪಾದದ ಗೆಣ್ಣು ಎಣಿಸಿದರೆ ಜೀರುಂಡೆಗೆ ಮೂರು, ಮೀಸೆಮಿಡತೆಗೆ ನಾಲ್ಕು. ಹೆಣ್ಣು ಜೀರುಂಡೆಯ ಮೊಟ್ಟೆ ಇಡುವ ಕೊಳವೆ ಸೂಜಿಯ ಹಾಗೆ. ಹೆಣ್ಣು ಮೀಸೆಮಿಡತೆಯದು ಚಪ್ಪಟೆ, ಕೆಲವದರಲ್ಲಿ ನೆಟ್ಟಗೆ ಕತ್ತಿಯ ಹಾಗೆ, ಕೆಲವದರಲ್ಲಿ ಬಾಗಿದ ಕುಡುಗೋಲಿನ ಹಾಗೆ. ಜೀರುಂಡೆ ಬಲ ರೆಕ್ಕೆಯನ್ನು ಮೇಲಿಟ್ಟುಕೊಂಡಿರುತ್ತದೆ, ಮೀಸೆಮಿಡತೆ ಎಡ ರೆಕ್ಕೆಯನ್ನು. ಈ ಎಡ–ಬಲದ ಮಾತು ಮುಂದೆ ಮತ್ತೆ ಬರುತ್ತದೆ.

ಪ್ರಪಂಚದಲ್ಲಿ ಹೆಸರು ಪಡೆದ ಮೀಸೆಮಿಡತೆಗಳು 8000ಕ್ಕೂ ಜಾಸ್ತಿ. ಆಫ್ರಿಕಾದಲ್ಲಿರುವವು ಒಂದಕ್ಕೊಂದು ಹೋಲಿಕೆಯೇ ಇಲ್ಲದಷ್ಟು ತರಾವರಿ. ನಮೀಬಿಯಾ, ಬೋಟ್ಸ್ವಾನಾ ಕಡೆಯ ಅಕಾಂಥೊಪ್ಲಸ್ ಡಿಸ್ಕಾಯ್ಡಾಲಿಸ್ ಮುಳ್ಳಿನ ಕವಚ ತೊಟ್ಟ ಡುಮ್ಮ. ಹಾರಲಾರದು. ಜೋಳ, ಸಜ್ಜೆಯ ತೆನೆಗೆ ಏರಿ ಕಾಳು ತಿನ್ನುತ್ತದೆ. ಹಿಡಿದರೆ ಮೈಯ ಸಂದಿಗಳಿಂದ ತನ್ನ ರಕ್ತವನ್ನೇ ಜಿನುಗಿಸುತ್ತದೆ. ದಕ್ಷಿಣ ಆಫ್ರಿಕಾ ಕಡೆಯ ಕ್ಲೋನಿಯಾ ಗುಂಪಿನವು ಬೇಟೆಗಾರರು. ಮುಂಗಾಲಿನ ಮುಳ್ಳುಗಳಲ್ಲಿ ಬೇರೆ ಹುಳಗಳನ್ನು ಅಮುಕಿ ಹಿಡಿದು ತಿನ್ನುತ್ತವೆ. ಇಂಥವನ್ನು ಒಂದು ಗಜ ದೂರದಿಂದಲೇ ಯಾವ ಗುಂಪೆಂದು ಹೇಳಬಹುದು. ತಲೆನೋವು ಬರುವುದು ಯೂರಿಕೊರಿಫಾದಂಥ ಸಾಧುಗಳಿಂದ. ಎಲ್ಲವೂ ಹಸಿರು, ಎಲ್ಲವೂ ಎಲೆ.

ಬಣ್ಣ ನಂಬಬೇಡಿ

ಹೊಸಬರು ಮೊದಲು ನೋಡುವುದು ಬಣ್ಣವನ್ನು. ಅದೇ ಎಲ್ಲಕ್ಕಿಂತ ಕಡಿಮೆ ಕೆಲಸಕ್ಕೆ ಬರುವ ಲಕ್ಷಣ. ಒಂದೇ ಪ್ರಭೇದದಲ್ಲಿ ಹಸಿರೂ ಇರುತ್ತದೆ, ಕಂದೂ ಇರುತ್ತದೆ. ಸತ್ತು ಒಣಗಿದ ಮೇಲಂತೂ ಹಸಿರು ಹೋಗಿ ಹಳೇ ಕಾಗದದ ಬಣ್ಣಕ್ಕೆ ತಿರುಗುತ್ತದೆ. ನೂರು ವರ್ಷ ಹಳೆಯ ಮಾದರಿಯನ್ನು ಮ್ಯೂಸಿಯಂ ಪೆಟ್ಟಿಗೆಯಲ್ಲಿ ನೋಡಿದವರಿಗೆ ಇದು ಗೊತ್ತು.

ಹಾಗಾದರೆ ಏನು ನೋಡಬೇಕು? ಮೊದಲು ಮೇಲಿನಿಂದ ತಲೆ. ಎರಡು ಮೀಸೆಗಳ ನಡುವೆ ನೆತ್ತಿ ಮುಂದಕ್ಕೆ ಚಾಚಿರುತ್ತದೆ. ಅದು ಮೊನಚೋ, ಮೊಂಡೋ, ಮೀಸೆಯ ಬುಡಕ್ಕಿಂತ ಅಗಲವೋ ಅನ್ನುವುದರಿಂದಲೇ ಎಷ್ಟೋ ಕುಲಗಳು ಬೇರೆಯಾಗುತ್ತವೆ. ಆಮೇಲೆ ಮುಂಗಾಲು. ಇವಕ್ಕೆ ಕಿವಿ ಇರುವುದು ತಲೆಯಲ್ಲಲ್ಲ, ಮುಂಗಾಲಿನಲ್ಲಿ, ಮೊಣಕಾಲಿನ ಸ್ವಲ್ಪ ಕೆಳಗೆ. ಕೆಲವದರಲ್ಲಿ ಕಿವಿಯ ತಮಟೆ ಬಯಲಲ್ಲೇ ಕಾಣುತ್ತದೆ. ಕೆಲವದರಲ್ಲಿ ಮುಚ್ಚಳ ಬಂದು ಸೀಳು ಮಾತ್ರ ಉಳಿದಿರುತ್ತದೆ. ಹುಳವನ್ನು ಬೆನ್ನಡಿ ಮಾಡಿ ಎದೆ ನೋಡಿದರೆ ಮುಂಗಾಲುಗಳ ನಡುವೆ ಒಂದು ಜೊತೆ ಮುಳ್ಳು ಇರಬಹುದು, ಇಲ್ಲದಿರಬಹುದು. ಕಾಲಿನ ಮುಳ್ಳುಗಳನ್ನು ಸಾಲುಸಾಲಾಗಿ ಎಣಿಸಬೇಕು. ಇಷ್ಟಾದರೆ ಯಾವ ಮನೆತನ ಎನ್ನುವುದು ಹೆಚ್ಚುಕಡಿಮೆ ಇತ್ಯರ್ಥವಾಗುತ್ತದೆ.

ಮನೆತನ ಗೊತ್ತಾಯಿತು, ವ್ಯಕ್ತಿ ಯಾರು? ಅದಕ್ಕೆ ಬಾಲದ ತುದಿಗೆ ಹೋಗಬೇಕು. ಅದೂ ಗಂಡಿನ ಬಾಲಕ್ಕೆ.

ಗಂಡಿನ ಹೊಟ್ಟೆಯ ತುದಿಯಲ್ಲಿ ಎರಡು ಕೊಂಡಿಗಳಿರುತ್ತವೆ. ಕೂಡುವಾಗ ಹೆಣ್ಣನ್ನು ಹಿಡಿದುಕೊಳ್ಳುವ ಇಕ್ಕಳ ಇದು. ಕೆಳಗೊಂದು ತಟ್ಟೆ, ಮೇಲೆ ಹೊಟ್ಟೆಯ ಕೊನೆಯ ಪಟ್ಟಿ. ಬರಿಗಣ್ಣಿಗೆ ಏನೂ ವಿಶೇಷ ಕಾಣಿಸದು. ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಬೇಕು. ಒಂದರ ಇಕ್ಕಳ ಸುಮ್ನೆ ಒಳಕ್ಕೆ ಬಾಗಿ ಮುಗಿಯುತ್ತದೆ. ಇನ್ನೊಂದರದು ತುದಿಯಲ್ಲಿ ತಿರುಚಿಕೊಂಡು ಕಪ್ಪು ಹಲ್ಲಾಗಿರುತ್ತದೆ. ಮತ್ತೊಂದರದು ಮಧ್ಯದಲ್ಲೇ ಕವಲೊಡೆದಿರುತ್ತದೆ. ಕೆಳಗಿನ ತಟ್ಟೆ ಒಂದರಲ್ಲಿ ಗಿಡ್ಡ, ಇನ್ನೊಂದರಲ್ಲಿ ಉದ್ದಕ್ಕೆ ಸೀಳಿ ಹಾವಿನ ನಾಲಿಗೆಯ ಹಾಗೆ. ಮೈ, ರೆಕ್ಕೆ, ತಲೆ ಎಲ್ಲಾ ಅಚ್ಚು ಹಾಕಿದಂತಿದ್ದ ಎರಡು ಹುಳಗಳು ಇಲ್ಲಿ ಬಂದು ಬೇರೆ ಬೇರೆ ಆಗಿಬಿಡುತ್ತವೆ.

ಯಾಕೆ ಬಾಲವೇ? ಬೀಗ–ಕೀಲಿ ಎಂದು ಹಳೆಯ ಪುಸ್ತಕಗಳಲ್ಲಿ ಒಂದು ವಿವರಣೆ ಇದೆ. ಗಂಡಿನದು ಕೀಲಿ, ಹೆಣ್ಣಿನದು ಬೀಗ, ಬೇರೆ ಪ್ರಭೇದದ ಕೀಲಿ ಹೊಂದುವುದಿಲ್ಲ ಎಂದು. ಕೇಳಲು ಚೆನ್ನಾಗಿದೆ, ನಿಜ ಅಷ್ಟು ಸರಳವಲ್ಲ. ಯಾವ ಗಂಡು ಚೆನ್ನಾಗಿ ಹಿಡಿಯುತ್ತದೆ, ಹೆಣ್ಣು ಯಾವುದನ್ನು ಒಪ್ಪುತ್ತದೆ, ಎಷ್ಟು ಹೊತ್ತು ಬಿಟ್ಟುಕೊಡುತ್ತದೆ ಎಂಬ ಜಗ್ಗಾಟದಲ್ಲಿ ಈ ಭಾಗಗಳು ಬಲುಬೇಗ ಬದಲಾಗುತ್ತವೆ. ಎಲೆಯಂತೆ ಕಾಣುವ ಮೈ ಬದಲಾದರೆ ಹಕ್ಕಿ ಹಿಡಿದು ತಿನ್ನುತ್ತದೆ. ಹಾಗಾಗಿ ಮೈ ಲಕ್ಷಾಂತರ ವರ್ಷ ಎಲೆಯಾಗಿಯೇ ಇರುತ್ತದೆ, ಬಾಲ ಮಾತ್ರ ತನ್ನ ದಾರಿ ಹಿಡಿಯುತ್ತದೆ.

ಬ್ರುನ್ನರ್ ಎಡವಿದ್ದು ಎಲ್ಲಿ ಎಂದು ಈಗ ಗೊತ್ತಾಗುತ್ತದೆ. ಮರಿಗೆ ಈ ಇಕ್ಕಳ ಇನ್ನೂ ರೂಪ ಪಡೆದಿರುವುದಿಲ್ಲ, ರೆಕ್ಕೆಯೂ ಇರುವುದಿಲ್ಲ. ಗುರುತು ಹೇಳುವ ಎರಡು ಜಾಗಗಳೂ ಖಾಲಿ. ಉಳಿದಿದ್ದು ವೇಷ ಮಾತ್ರ.

ಪಿಟೀಲು ಮತ್ತು ಕಮಾನು

ಎರಡನೆಯ ಜಾಗ ರೆಕ್ಕೆ. ನಿಜ ಹೇಳಬೇಕೆಂದರೆ ನನಗೆ ಇದೇ ಇಷ್ಟದ ಭಾಗ.

ಮೀಸೆಮಿಡತೆಯ ಹಾಡು ಗಂಟಲಿನಿಂದ ಬರುವುದಿಲ್ಲ. ಎಡ ರೆಕ್ಕೆಯ ಅಡಿಯಲ್ಲಿ ಒಂದು ಉಬ್ಬಿದ ನರ ಇರುತ್ತದೆ. ಅದರ ಮೇಲೆ ಉದ್ದಕ್ಕೂ ಸಣ್ಣ ಹಲ್ಲುಗಳು, ಬಡಗಿಯ ಅರದ ಹಾಗೆ. ಬಲ ರೆಕ್ಕೆಯ ಅಂಚು ಗಟ್ಟಿ. ಪಕ್ಕದಲ್ಲೇ ತೆಳುವಾದ, ಹೊಳೆಯುವ ಪೊರೆ ಇದೆ. ಅದಕ್ಕೆ ಕನ್ನಡಿ ಎಂದೇ ಹೆಸರು. ಎರಡು ರೆಕ್ಕೆಗಳನ್ನು ತೆರೆದು ಮುಚ್ಚಿದಾಗ ಅರದ ಹಲ್ಲುಗಳು ಒಂದೊಂದಾಗಿ ಅಂಚಿಗೆ ತಾಗಿ ಟಕ್ಕೆನ್ನುತ್ತವೆ. ಕನ್ನಡಿ ಅದನ್ನು ದೊಡ್ಡದು ಮಾಡುತ್ತದೆ. ಹಲ್ಲು ಎಷ್ಟು, ಎಷ್ಟು ಹತ್ತಿರ, ರೆಕ್ಕೆ ಎಷ್ಟು ಬೇಗ ಆಡುತ್ತದೆ ಎನ್ನುವುದರ ಮೇಲೆ ಹಾಡು ನಿಂತಿದೆ. ಹಾಗಾಗಿ ಹೊಸ ಪ್ರಭೇದ ವಿವರಿಸುವವರು ಎಡ ರೆಕ್ಕೆಯನ್ನು ಬಿಡಿಸಿ, ಅರದ ಫೋಟೋ ತೆಗೆದು, ಹಲ್ಲು ಎಣಿಸಿ, ಉದ್ದ ಅಳೆದು ಬರೆಯುತ್ತಾರೆ.

ಈ ವಾದ್ಯ ಎಲ್ಲಿಯವರೆಗೆ ಹೋಗಬಹುದು ಎನ್ನುವುದಕ್ಕೆ ಪೂರ್ವ ಆಫ್ರಿಕಾದ ಎಕ್ಟೊಮಾಪ್ಟೆರಾ ನೆಪಿಕೌಡಾ ಒಂದು ಉದಾಹರಣೆ. ಸಂಶೋಧಕರಾದ ಕ್ಲೌಸ್-ಗೆರ್ಹಾರ್ಡ್ ಹೆಲರ್ ಮತ್ತು ಕ್ಲೌಡಿಯಾ ಹೆಂಪ್ 2014ರಲ್ಲಿ ಇದರ ಹಾಡನ್ನು ವಿವರಿಸಿದರು. ಸಾಮಾನ್ಯವಾಗಿ ಎಡ–ಬಲ ರೆಕ್ಕೆಗಳಲ್ಲಿ ಅಷ್ಟಿಷ್ಟು ಕೆಲಸ ಹಂಚಿಕೆಯಾಗಿರುತ್ತದೆ. ಇದರಲ್ಲಿ ಹಂಚಿಕೆ ಪೂರ್ತಿ. ಎಡ ರೆಕ್ಕೆಯಲ್ಲಿ ಹಾಡಿಗೆ ಸಂಬಂಧಪಟ್ಟದ್ದು ಅರ ಒಂದೇ, ಅಂದರೆ ಪಿಟೀಲಿನ ಕಮಾನು. ಬಲ ರೆಕ್ಕೆಯಲ್ಲಿ ತಂತಿ ಮತ್ತು ಬುರುಡೆ. ಹಾಡಿನ ಶ್ರುತಿ 80ರಿಂದ 120 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ 80 ಸಾವಿರದಿಂದ 1,20,000 ಕಂಪನ. ಮನುಷ್ಯರ ಕಿವಿ 20ಕ್ಕೆ ಕೈಚೆಲ್ಲುತ್ತದೆ, ವಯಸ್ಸಾದಂತೆ ಇನ್ನೂ ಕೆಳಗೆ. ಅಂದರೆ ಅದು ನಿಮ್ಮ ಮೂಗಿನ ಮುಂದೆ ಕೂತು ಇಡೀ ರಾತ್ರಿ ಕಛೇರಿ ಮಾಡಿದರೂ ನಿಮಗೆ ಕಾಡು ನಿಶ್ಶಬ್ದ.

ಇದನ್ನು ಫೋನಿನಲ್ಲಿ ರೆಕಾರ್ಡ್ ಮಾಡಲಾಗದು. ಮಾಮೂಲಿ ರೆಕಾರ್ಡಿಂಗ್ ಸದ್ದನ್ನು ಸೆಕೆಂಡಿಗೆ 44,100 ಸಲ ಅಳೆಯುತ್ತದೆ. ಯಾವುದೇ ಸದ್ದನ್ನು ಹಿಡಿಯಲು ಅದರ ಕಂಪನಕ್ಕಿಂತ ಎರಡು ಪಟ್ಟಾದರೂ ಅಳತೆ ಬೇಕು. ಹಾಗಾಗಿ 22 ಕಿಲೋಹರ್ಟ್ಸ್‌ಗೆ ಅದರ ಕಥೆ ಮುಗಿಯಿತು. 120 ಹಿಡಿಯಲು ಸೆಕೆಂಡಿಗೆ 2,40,000ಕ್ಕೂ ಮಿಕ್ಕಿ ಅಳೆಯಬೇಕು. ಬಾವಲಿಗಳ ಸದ್ದು ಹಿಡಿಯುವ ಉಪಕರಣವೇ ಇಲ್ಲಿಗೂ ಬೇಕು. ಜೊತೆಗೆ ಥರ್ಮಾಮೀಟರ್ ಬೇಕು. ನಗಬೇಡಿ. ಹುಳದ ಮೈ ಬಿಸಿ ಸುತ್ತಲಿನ ಗಾಳಿಯದೇ. ಸೆಖೆ ಹೆಚ್ಚಾದರೆ ರೆಕ್ಕೆ ಬೇಗ ಆಡುತ್ತದೆ, ಹಾಡು ಚುರುಕಾಗುತ್ತದೆ. ಉಷ್ಣತೆ ಬರೆದಿಡದೆ ಎರಡು ರಾತ್ರಿಯ ಹಾಡುಗಳನ್ನು ಹೋಲಿಸಿದರೆ ಒಂದೇ ಪ್ರಭೇದ ಎರಡಾಗಿ ಕಾಣಬಹುದು.

ಹಾಡು ಗುರುತಿನ ಚೀಟಿ ಆಗುವುದು ನಮಗಿಂತ ಮೊದಲು ಹೆಣ್ಣು ಹುಳಕ್ಕೆ. ಎಲೆಯಂತಿರುವ ಗುಂಪಿನಲ್ಲಿ ಎಷ್ಟೋ ಕಡೆ ಗಂಡು ಹಾಡಿದ ಕೂಡಲೇ ಹೆಣ್ಣು ಒಂದು ಚಿಟಿಕೆ ಹೊಡೆದಂತೆ ಉತ್ತರ ಕೊಡುತ್ತದೆ. ಆ ಉತ್ತರ ಇಷ್ಟೇ ಹೊತ್ತಿನೊಳಗೆ ಬರಬೇಕು. ತಡವಾದರೆ ಗಂಡು ತಿರುಗಿಯೂ ನೋಡದು. ಕತ್ತಲಲ್ಲಿ ಬಣ್ಣ ಯಾರಿಗೆ ಬೇಕು? ಹಾಡಿನಲ್ಲಿ ಹುಡುಕಿ, ಬಾಲದಲ್ಲಿ ಹಿಡಿದುಕೊಳ್ಳುತ್ತವೆ. ಮಿಡತೆಗಳೇ ಪರಸ್ಪರ ಗುರುತಿಸಲು ಬಳಸುವ ಈ ಎರಡು ಕಡೆಯೇ ನಾವೂ ಕಣ್ಣಿಟ್ಟರೆ ದಾರಿ ತಪ್ಪುವುದು ಕಡಿಮೆ.

ಇದಕ್ಕೆ ನಮ್ಮ ಕಡೆಯದ್ದೇ ಒಂದು ಸಾಕ್ಷಿ ಇದೆ. ದಕ್ಷಿಣ ಭಾರತದ ಮೆಕೊಪೋಡಾ ಎಂಬ ಮೀಸೆಮಿಡತೆಗಳು ನೋಡಲು ಬೇರೆ ಮಾಡಲಾಗದಷ್ಟು ಒಂದೇ ತರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2006ರಲ್ಲಿ ಅವುಗಳ ಹಾಡು ಕೇಳಿ ಐದು ಬಗೆ ಎಂದರು. ಒಂದಕ್ಕೆ ಹೆಲಿಕಾಪ್ಟರ್ ಎಂದು ಅಡ್ಡಹೆಸರು, ಇನ್ನೊಂದಕ್ಕೆ ರೈಲು. ಮೈ ಒಂದು, ಹಾಡು ಐದು. ಹೀಗಿದ್ದಾಗ ಒಣಗಿದ ಮಾದರಿ ಮಾತ್ರ ಮುಂದಿಟ್ಟುಕೊಂಡವರು ಏನು ಮಾಡಬೇಕು ಹೇಳಿ.

ಬೆಟ್ಟಕ್ಕೊಂದು

ಪೂರ್ವ ಆಫ್ರಿಕಾದ ನಕ್ಷೆಯಲ್ಲಿ ಕೀನ್ಯಾದ ಟೈಟಾ ಬೆಟ್ಟಗಳಿಂದ ಟಾಂಜಾನಿಯಾದ ಉಡ್ಜುಂಗ್ವಾವರೆಗೆ ಕಮಾನಿನ ಆಕಾರದಲ್ಲಿ ಬೆಟ್ಟಗಳ ಸಾಲಿದೆ. ಪಾರೆ, ಉಸಂಬಾರಾ, ಉಲುಗುರು ಎಲ್ಲಾ ಅದರಲ್ಲೇ. ಫೋಸೆಲರ್ ಇದ್ದ ಅಮಾನಿ ಕೂಡ ಪೂರ್ವ ಉಸಂಬಾರಾದ್ದು. ಬೆಟ್ಟದ ಮೇಲೆ ಮಂಜು ಕುಡಿಯುವ ಹಸಿ ಕಾಡು, ಕೆಳಗೆ ಒಣ ಹುಲ್ಲುಗಾವಲು. ಹಾರಲಾರದ ಮಿಡತೆಗೆ ಆ ಹುಲ್ಲುಗಾವಲು ಸಮುದ್ರವಿದ್ದಂತೆ. ಮಳೆ ಹೆಚ್ಚಿದ್ದ ಯುಗಗಳಲ್ಲಿ ಕಾಡು ಕೆಳಗಿಳಿದು ಒಂದಕ್ಕೊಂದು ಕೂಡಿಕೊಂಡಿತು. ಒಣ ಯುಗಗಳಲ್ಲಿ ಮತ್ತೆ ಬೆಟ್ಟದ ತಲೆಗೆ ಏರಿ ಬೇರೆಯಾಯಿತು. ಪ್ರತಿ ಸಲ ಕೆಲವು ಹುಳಗಳು ಒಂದೊಂದು ಬೆಟ್ಟದಲ್ಲಿ ಸಿಕ್ಕಿಬಿದ್ದವು, ತಮ್ಮ ಪಾಡಿಗೆ ಬದಲಾದವು.

ಏರೋಟೆಗ್ಮಿನಾ ಕುಲವನ್ನೇ ನೋಡಿ. ಇದನ್ನು ಕ್ಲೌಡಿಯಾ ಹೆಂಪ್ 2001ರಲ್ಲಿ ಕಿಲಿಮಾಂಜಾರೋದ ಒಂದು ಪ್ರಭೇದ ಇಟ್ಟುಕೊಂಡು ಸ್ಥಾಪಿಸಿದರು. ಹೆಸರಿನ ಅರ್ಥ ಗಾಳಿರೆಕ್ಕೆ. ಗಂಡಿನ ಮುಂರೆಕ್ಕೆಗಳು ಬಲೂನಿನ ಹಾಗೆ ಊದಿಕೊಂಡಿರುತ್ತವೆ. ಒಳಗಿನ ಪೊಳ್ಳು ಜಾಗ ಮೃದಂಗದ ಹೊಟ್ಟೆಯಂತೆ ಸದ್ದನ್ನು ತುಂಬಿ ಕೊಡುತ್ತದೆ. ಆಮೇಲೆ ದಕ್ಷಿಣ ಪಾರೆಯಲ್ಲಿ ಇನ್ನೊಂದು ಸಿಕ್ಕಿತು, ಟೈಟಾದಲ್ಲಿ ಮತ್ತೊಂದು. ಹೆಸರುಗಳೇ ವಿಳಾಸ ಹೇಳುತ್ತವೆ. ಕಿಲಿಮಂಡ್ಜಾರಿಕಾ, ಶೆಂಗೆನೇ, ಟೈಟೆನ್ಸಿಸ್. ಶೆಂಗೆನಾ ಎನ್ನುವುದು ದಕ್ಷಿಣ ಪಾರೆಯ ಶಿಖರ. ಕೊನೆಯಲ್ಲಿ 'ಎನ್ಸಿಸ್' ಬಂದರೆ ಆ ಊರಿನದು ಎಂದು ಲ್ಯಾಟಿನ್ ಲೆಕ್ಕ, ನಮ್ಮಲ್ಲಿ ಊರಿನ ಹೆಸರು ಇನಿಷಿಯಲ್ ಆಗುವ ಹಾಗೆ. 'ಕಿಲಿಮಂಡ್ಜಾರಿಕಾ'ದಲ್ಲಿ ಕಿಲಿಮಾಂಜಾರೋದ ಕಾಗುಣಿತ ಸ್ವಲ್ಪ ಬೇರೆ. ಒಮ್ಮೆ ಅಚ್ಚಾದ ಮೇಲೆ ಮೊದಲ ಕಾಗುಣಿತವೇ ಕಾಯಂ.

ಇಲ್ಲೊಂದು ಬಲೆ ಇದೆ. ಬೆಟ್ಟಕ್ಕೊಂದು ಪ್ರಭೇದ ಎಂದು ಗೊತ್ತಾದ ಮೇಲೆ, ಹೊಸ ಬೆಟ್ಟದಲ್ಲಿ ಸಿಕ್ಕಿದ್ದೆಲ್ಲಾ ಹೊಸದು ಎಂಬ ಆಸೆ ಹುಟ್ಟುತ್ತದೆ. ಇಕ್ಕಳದಲ್ಲಿ ಕೂದಲೆಳೆಯ ವ್ಯತ್ಯಾಸ ಕಂಡರೆ ಸಾಕು, ಕೈ ತುರಿಸುತ್ತದೆ. ಹಾಗಾಗಬಾರದೆಂದೇ ಒಳ್ಳೆಯ ಕೆಲಸಗಾರರು ಹಲವು ದಾರಿಯಿಂದ ಬಂದು ನೋಡುತ್ತಾರೆ. ಪೂರ್ವ ಆಫ್ರಿಕಾದ ಯೂರಿಕೊರಿಫಾಗಳ ಮೇಲೆ ಹೆಂಪ್, ಹೆಲರ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಮೈಯ ಲಕ್ಷಣ ಮಾತ್ರವಲ್ಲ, ಹಾಡು, ವಾಸದ ಜಾಗ, ಕ್ರೋಮೋಸೋಮ್ ಎಲ್ಲಾ ಇವೆ. ಈ ಹುಳಗಳಲ್ಲಿ ವೈ ಕ್ರೋಮೋಸೋಮ್ ಇಲ್ಲ, ಗಂಡಿಗೆ ಎಕ್ಸ್ ಒಂದೇ. ಹೆಣ್ಣಿಗಿಂತ ಒಂದು ಕಡಿಮೆ. ಅವುಗಳ ಸಂಖ್ಯೆ, ಆಕಾರ ನೋಡಿದರೆ ಯಾರು ಯಾರಿಗೆ ಹತ್ತಿರ ಎಂಬ ಸುಳಿವು ಸಿಗುತ್ತದೆ.

ಡಿಎನ್ಎ ಇದೆಯಲ್ಲ, ಅಷ್ಟು ಸಾಲದಾ ಎಂದು ಕೇಳುತ್ತಾರೆ. ಒಂದು ಕಾಲಿನ ತುಂಡಿನಿಂದ ಒಂದು ಜೀನಿನ 658 ಅಕ್ಷರದ ಭಾಗ ಓದಿ ಹೋಲಿಸುವ ಪದ್ಧತಿ ಇದೆ. ಬಹಳ ಉಪಯೋಗದ್ದು, ಮರಿಯನ್ನು ಅಪ್ಪ ಅಮ್ಮನ ಜೊತೆ ಸೇರಿಸಲಂತೂ ಚಿನ್ನದಂಥದ್ದು. ಫೋಸೆಲರ್ ಸಾಕಿ ನೋಡಬೇಕಾಗಿ ಬಂದದ್ದು ಇವತ್ತು ಒಂದು ಕಾಲಿನ ತುಂಡಿನಲ್ಲಿ ಆಗಿಬಿಡುತ್ತದೆ. ಆದರೆ ಮಿಡತೆ ಬಳಗದಲ್ಲಿ ಒಂದು ತೊಡಕು. ಆ ಜೀನಿನ ಸತ್ತ ನಕಲುಗಳು ಜೀವಕೋಶದ ಬೇರೆ ಕಡೆಯೂ ಸೇರಿಕೊಂಡಿರುತ್ತವೆ. ಎಚ್ಚರ ತಪ್ಪಿದರೆ ಅಸಲಿಯ ಬದಲು ನಕಲನ್ನು ಓದಿ, ಇಲ್ಲದ ಪ್ರಭೇದವನ್ನು ಹುಟ್ಟಿಸಿಬಿಡಬಹುದು. ಇನ್ನೊಂದು, 1873ರ ಮಾದರಿಯ ಡಿಎನ್ಎ ಬಹಳ ಸಲ ಪುಡಿಪುಡಿ. ಹೋಲಿಸಲು ಅದರ ಬಾಲವೇ ಗತಿ.

ಒಂದೇ ಹುಳದ ಮೇಲೆ ನಿಂತ ಹೆಸರು

ಸರಿ, ಹೊಸದೆಂದು ಖಾತ್ರಿಯಾಯಿತು. ಈಗ ಬರವಣಿಗೆ.

ರಾತ್ರಿ ತಲೆಗೆ ಟಾರ್ಚ್ ಕಟ್ಟಿ ಹಿಡಿದ ಹುಳಗಳಲ್ಲಿ ಕೈಕಾಲು ಮೀಸೆ ಎಲ್ಲಾ ಸರಿಯಿರುವ ಒಂದು ಬೆಳೆದ ಗಂಡನ್ನು ಆರಿಸುತ್ತಾರೆ. ಎದೆಯ ಬಲಬದಿಗೆ ಪಿನ್ನು ಚುಚ್ಚಿ, ರೆಕ್ಕೆ ಬಿಡಿಸಿ ಒಣಗಿಸುತ್ತಾರೆ. ದೊಡ್ಡ ಹುಳವಾದರೆ ಹೊಟ್ಟೆ ಸೀಳಿ ಕರುಳು ತೆಗೆಯಬೇಕು, ಇಲ್ಲದಿದ್ದರೆ ಕೊಳೆತು ಕಪ್ಪಾಗುತ್ತದೆ. ಒಂದು ಕಾಲು ಆಲ್ಕೋಹಾಲ್‌ಗೆ. ಪಿನ್ನಿನ ಕೆಳಗೆ ಚೀಟಿ: ದೇಶ, ಬೆಟ್ಟ, ಎತ್ತರ, ತಾರೀಖು, ಹಿಡಿದವರು. ಈ ಚೀಟಿ ಕಳೆದರೆ ಹುಳ ಕಸಕ್ಕೆ ಸಮ.

ಆ ಒಂದು ಹುಳ ಹೋಲೋಟೈಪ್. ಸಾಮಾನ್ಯವಾಗಿ ಕೆಂಪು ಚೀಟಿ ಅಂಟಿಸುತ್ತಾರೆ. ಪ್ರಭೇದದ ಹೆಸರು ಕಾನೂನಿನ ಪ್ರಕಾರ ಅಂಟಿಕೊಂಡಿರುವುದು ವಿವರಣೆಗಲ್ಲ, ಫೋಟೋಗಲ್ಲ, ಈ ಒಂದು ದೇಹಕ್ಕೆ. ಮುಂದೆ ಯಾರಿಗೇ ಅನುಮಾನ ಬಂದರೂ ಬಂದು ನೋಡಬೇಕಾದದ್ದು ಇದನ್ನೇ. ಅದು ಎಲ್ಲಿದೆ ಎಂದು 2000ದಿಂದೀಚೆಗೆ ಬರೆಯಲೇಬೇಕು. ಉಳಿದ ಜೊತೆಗಾರ ಮಾದರಿಗಳು ಪ್ಯಾರಾಟೈಪ್‌ಗಳು. ಹೆಣ್ಣು ಸಾಮಾನ್ಯವಾಗಿ ಈ ಪಟ್ಟಿಯಲ್ಲಿರುತ್ತದೆ. ಎಷ್ಟೋ ವಿವರಣೆಗಳಲ್ಲಿ 'ಹೆಣ್ಣು: ತಿಳಿದಿಲ್ಲ' ಎಂದು ಒಂದೇ ಸಾಲಿರುತ್ತದೆ. ಆ ಸಾಲು ತುಂಬಲು ಮತ್ತೊಬ್ಬರು ಮತ್ತೊಂದು ಮಳೆಗಾಲ ಕಾಯಬೇಕು.

ಆಫ್ರಿಕಾದ ಹಳೆಯ ಮೀಸೆಮಿಡತೆಗಳ ಇಂಥ ಮೂಲದೇಹಗಳು ಹೆಚ್ಚಾಗಿರುವುದು ವಿಯೆನ್ನಾ, ಬರ್ಲಿನ್, ಸ್ಟಾಕ್‌ಹೋಮ್, ಲಂಡನ್, ಪ್ಯಾರಿಸ್‌ನಲ್ಲಿ. ವಸಾಹತು ಕಾಲದ ಲೆಕ್ಕ ಇದು. ನೈರೋಬಿಯ ವಿದ್ಯಾರ್ಥಿ ತನ್ನ ಊರಿನ ಹುಳ ಯಾವುದೆಂದು ತಿಳಿಯಲು ಯುರೋಪಿಗೆ ವೀಸಾ ಹಾಕಬೇಕು. ನಮ್ಮ ಹುಳಗಳ ಕಥೆಯೂ ಬೇರೆಯೇನಲ್ಲ. ಈಗ ಅನುಮತಿಯಿಲ್ಲದೆ ಹಿಡಿದು ಒಯ್ಯುವ ಹಾಗಿಲ್ಲ, ಫೋಟೋಗಳೂ ಹಾಡುಗಳೂ ಆನ್‌ಲೈನ್‌ಗೆ ಬರುತ್ತಿವೆ. ಆದರೂ ಅಂತರ ಇದ್ದೇ ಇದೆ.

ವಿವರಣೆಯಲ್ಲಿ ಉದ್ದುದ್ದ ಬರೆಯುವುದಕ್ಕಿಂತ ಮುಖ್ಯವಾದ ಭಾಗ ಒಂದಿದೆ. ಹತ್ತಿರದ ಬಂಧುಗಳಿಂದ ಇದು ಹೇಗೆ ಬೇರೆ ಎಂದು ಹೇಳುವ ನಾಲ್ಕೈದು ಸಾಲು. ಆಮೇಲೆ ಮಿಲಿಮೀಟರ್‌ನಲ್ಲಿ ಅಳತೆ, ಇಕ್ಕಳದ ಚಿತ್ರ, ಹಾಡಿನ ಗ್ರಾಫ್, ಹೆಸರಿನ ಅರ್ಥ. ಹೆಸರು ಎರಡು ಪದ. ನಿಮ್ಮ ಹೆಸರನ್ನೇ ಇಟ್ಟುಕೊಳ್ಳಬಾರದೆಂದು ನಿಯಮವಿಲ್ಲ, ಆದರೆ ಇಟ್ಟುಕೊಂಡರೆ ಜನ ನಗುತ್ತಾರೆ. ಒಂದೇ ಪ್ರಾಣಿಗೆ ಎರಡು ಹೆಸರು ಬಿದ್ದಿದ್ದರೆ ಹಳೆಯದಕ್ಕೆ ಗೆಲುವು. 1873ರ ಯೂರಿಕೊರಿಫಾ ಮುಂದೆ 1883ರ ಮಿರ್ಮೆಕೊಫಾನಾ ಸೋತದ್ದು ಹೀಗೆ.

ಹೆಸರು ತಪ್ಪಿದರೆ ಏನಾಗುತ್ತದೆ?

ಇಷ್ಟೆಲ್ಲಾ ಯಾಕೆ ಎನ್ನುವವರಿಗೆ ಉಗಾಂಡಾದ ನ್ಸೆನೆನೆ ತೋರಿಸಬಹುದು. ನವೆಂಬರ್ ಮಳೆಯಲ್ಲಿ ಲಕ್ಷಗಟ್ಟಲೆ ಬರುವ ಮೀಸೆಮಿಡತೆ ಇದು. ಏಪ್ರಿಲ್–ಮೇ ಹೊತ್ತಿಗೆ ಇನ್ನೊಂದು ಸಣ್ಣ ಸುಗ್ಗಿ. ಲುಗಾಂಡಾ ಭಾಷೆಯಲ್ಲಿ ನವೆಂಬರ್ ತಿಂಗಳಿಗೇ ಮುಸೆನೆನೆ ಎಂದು ಹೆಸರು. ಬಗಾಂಡಾ ಜನರಲ್ಲಿ ನ್ಸೆನೆನೆ ಎಂಬ ಬಳಿಯೇ (ಗೋತ್ರದಂಥ ಗುಂಪು) ಇದೆ. ಆ ಬಳಿಯವರು ಇದನ್ನು ತಿನ್ನುವುದಿಲ್ಲ. ಉಳಿದವರು ಈರುಳ್ಳಿ, ಉಪ್ಪು ಹಾಕಿ ಹುರಿದು ಕುರುಕುತ್ತಾರೆ. ರಾತ್ರಿ ಕಣ್ಣು ಕುಕ್ಕುವ ದೀಪ ಹಾಕಿ, ಓರೆಯಾಗಿ ತಗಡು ನಿಲ್ಲಿಸಿ, ಕೆಳಗೆ ಡ್ರಮ್ ಇಡುತ್ತಾರೆ. ಹುಳ ಬಂದು ತಗಡಿಗೆ ಬಡಿದು ಜಾರಿ ಡ್ರಮ್ಮಿಗೆ ಬೀಳುತ್ತದೆ. ಟಾಂಜಾನಿಯಾದ ಬುಕೋಬಾ ಕಡೆ ಇದೇ ಸೆನೆನೆ.

ಊರಿಗೆಲ್ಲಾ ಗೊತ್ತಿರುವ ಈ ಹುಳದ ವೈಜ್ಞಾನಿಕ ಹೆಸರು ಮಾತ್ರ ದಶಕಗಟ್ಟಲೆ ಗೋಜಲು. ಹಳೆಯ ಬರಹಗಳಲ್ಲಿ ಹೊಮೊರೊಕೊರಿಫಸ್ ನಿಟಿಡುಲಸ್ ವಿಸಿನಸ್. ಕೆಲವೆಡೆ ರುಸ್ಪೋಲಿಯಾ ನಿಟಿಡುಲಾ. ಆದರೆ ನಿಟಿಡುಲಾ ಯುರೋಪಿನಲ್ಲಿರುವ ಮಿಡತೆ. ಈಗ ಬಳಕೆಯಲ್ಲಿರುವುದು ರುಸ್ಪೋಲಿಯಾ ಡಿಫರೆನ್ಸ್ (ಸರ್ವಿಲ್, 1838). ಆ ಕಂಸಕ್ಕೂ ಅರ್ಥವಿದೆ. ಸರ್ವಿಲ್ 1838ರಲ್ಲಿ ಹೆಸರಿಟ್ಟಾಗ ರುಸ್ಪೋಲಿಯಾ ಕುಲ ಹುಟ್ಟಿಯೇ ಇರಲಿಲ್ಲ, ಅದು ಬಂದದ್ದು 1898ರಲ್ಲಿ. ಬೇರೆ ಕುಲದಲ್ಲಿಟ್ಟಿದ್ದನ್ನು ಆಮೇಲೆ ಇಲ್ಲಿಗೆ ತಂದರು ಎಂದು ಕಂಸ ಸದ್ದಿಲ್ಲದೆ ಹೇಳುತ್ತದೆ.

ಹೆಸರು ಗೋಜಲಾದರೆ ಲೆಕ್ಕವೂ ಗೋಜಲು. ಇದರಲ್ಲಿ ಎಷ್ಟು ಪ್ರೋಟೀನ್, ಯಾವ ಹುಲ್ಲು ತಿನ್ನುತ್ತದೆ, ಸಾಕಲು ಆಗುತ್ತದಾ, ಎಷ್ಟು ಹಿಡಿದರೆ ಮುಂದಿನ ವರ್ಷಕ್ಕೆ ತೊಂದರೆಯಿಲ್ಲ ಎಂದು ಹಲವರು ಅಧ್ಯಯನ ಮಾಡಿದ್ದಾರೆ. ಮೂರು ಹೆಸರಿನಡಿ ಬರೆದ ವರದಿಗಳನ್ನು ಓದುವವರು ಒಂದೇ ಹುಳದ ಮಾತೋ, ಬೇರೆಬೇರೆಯೋ ಎಂದು ಮೊದಲು ಬಿಡಿಸಿಕೊಳ್ಳಬೇಕು. ಯುರೋಪಿನ ಹುಳದ ಮಾಹಿತಿ ಉಗಾಂಡಾದ ಹುಳದ ಲೆಕ್ಕಕ್ಕೆ ಸೇರಿಬಿಟ್ಟರೆ ಕೇಳುವವರಾರು?

ನಿಮಗೂ ಆಫ್ರಿಕಾದಲ್ಲಿ ಇರುವ ನೆಂಟರು, ಸ್ನೇಹಿತರು ಇಂಥ ಫೋಟೋ ಕಳಿಸಿ ಇದೇನು ಎಂದು ಕೇಳಬಹುದು. ಸಾಮಾನ್ಯವಾಗಿ ಬರುವುದು ಪಕ್ಕದಿಂದ ತೆಗೆದ ಒಂದು ಚಂದದ ಚಿತ್ರ. ಅದರಲ್ಲಿ ಕುಲದವರೆಗೆ ಹೋದರೆ ಪುಣ್ಯ. ಹುಳ ಬಿಡುವ ಮುಂಚೆ ಇನ್ನೂ ನಾಲ್ಕು ಫೋಟೋ ತೆಗೆಸಿ: ಮೇಲಿನಿಂದ ತಲೆ, ಮುಂಗಾಲಿನ ಕಿವಿ, ಮೇಲಿನಿಂದ ಬಾಲದ ತುದಿ, ಕೆಳಗಿನಿಂದ ಬಾಲದ ತುದಿ. ಹಾಡುತ್ತಿದ್ದರೆ ಅದನ್ನೂ, ಜೊತೆಗೆ ಆ ರಾತ್ರಿಯ ಉಷ್ಣತೆ. ಊರು ಮತ್ತು ಎತ್ತರ ಬರೆಯಲು ಮರೆಯಬಾರದು. ರೆಕ್ಕೆಯ ಬದಲು ಮೊಗ್ಗಿನಂಥ ಗಿಡ್ಡ ತುಂಡುಗಳಿದ್ದರೆ ಅದು ಮರಿ ಇರಬಹುದು. ಆಗ ಹೆಸರಿಡುವ ಆತುರ ಬೇಡ.

ಕಂಪಾಲಾದ ಮಾರುಕಟ್ಟೆಯಿಂದ ನ್ಸೆನೆನೆ ಕೊಂಡು ತಂದು ಗುರುತಿಸುತ್ತೇನೆ ಅಂದರೆ ಮಾತ್ರ ಈ ಯಾವ ಉಪಾಯವೂ ನಡೆಯದು. ಮಾರುವವರು ಗಿರಾಕಿಗೆ ಅನುಕೂಲ ಆಗಲೆಂದು ಮೊದಲೇ ರೆಕ್ಕೆ, ಕಾಲು ಕಿತ್ತಿರುತ್ತಾರೆ. ಬುಟ್ಟಿಯಲ್ಲಿ ಬರೀ ಮೈ. ಅರ, ಕನ್ನಡಿ, ಮುಂಗಾಲಿನ ಕಿವಿ ಎಲ್ಲಾ ಪಕ್ಕದ ಕಸದ ರಾಶಿಯಲ್ಲಿ, ಹಗುರವಾಗಿ, ಗಾಳಿ ಬಂದಾಗ ಅಲ್ಲಾಡುತ್ತಾ ಬಿದ್ದಿರುತ್ತವೆ.